ಎರಡು ಎಡತೋಳಿನ ಅಂಗಿ

ಕುಡಿತ ಬಿಡಿಸುವ ಆಸ್ಪತ್ರೆಯಿಂದ ಅಪ್ಪನನ್ನು ಮನೆಗೆ ಕಳಿಸುವಾಗ ಅವನ ಜೊತೆ ಒಂದು ನೀಲಿ ಪುಸ್ತಕವನ್ನೂ ಕಳಿಸಿದರು. ರಟ್ಟಿನ ಮೇಲೆ ‘ನಿಗಾ ಪುಸ್ತಕ’ ಎಂದು ಬರೆದಿತ್ತು. ಒಳಗೆ ದಿನಕ್ಕೊಂದು ಪುಟ, ಪುಟಕ್ಕೆ ಏಳು ಕಲಂ: ಮಾತ್ರೆ ಕೊಟ್ಟ ಹೊತ್ತು, ನಿದ್ದೆ, ಊಟ, ಮಾತು, ನಡಿಗೆ, ಸಿಟ್ಟು, ಷರಾ. ಮನೆಯವರಲ್ಲಿ ಒಬ್ಬರು ತೊಂಬತ್ತು ದಿನ ಬಿಡದೆ ತುಂಬಬೇಕು. ತೊಂಬತ್ತು ದಿನ ಪುಸ್ತಕ ಕಲೆಯಿಲ್ಲದೆ ನಡೆದರೆ ಆಸ್ಪತ್ರೆಯವರು ಒಂದು ಪತ್ರ ಕೊಡುತ್ತಾರೆ. ಆ ಪತ್ರ ತೋರಿಸಿದರೆ ಡಿಪೋದಲ್ಲಿ ಅಪ್ಪನ ಕೈಗೆ ಮತ್ತೆ ಬಸ್ಸಿನ ಕೀಲಿ ಸಿಗುತ್ತದೆ. ನಡುವೆ ಎಲ್ಲಾದರೂ ಎಡವಿದರೆ ಮತ್ತೆ ಒಂದನೇ ದಿನದಿಂದ ಎಣಿಕೆ. ಅಷ್ಟು ಕಾಯುವುದಿಲ್ಲ ಎಂದು ಡಿಪೋ ಮ್ಯಾನೇಜರು ಮೊದಲೇ ಹೇಳಿದ್ದರು.

“ಯಾರು ಬರೀತೀರಿ?” ಎಂದು ಆಪ್ತಸಮಾಲೋಚಕಿ ಕೇಳಿದರು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ನನ್ನ ಪರವಾಗಿ ಅತ್ತೆ, ಅಂದರೆ ಅಪ್ಪನ ಅಕ್ಕ, ಬಾಯಿ ಹಾಕಿದಳು.

“ಇವಳೇ ಬರೀತಾಳೆ ಬಿಡಿ. ಡಿಗ್ರಿ ಮುಗಿಸಿ ಮನೇಲೇ ಕೂತಿದ್ದಾಳೆ. ಮಾತಾಡು ಅಂದ್ರೆ ಬಾಯಿಗೆ ಬೀಗ, ಬರಿ ಅಂದ್ರೆ ರೀಮುಗಟ್ಟಲೆ. ಮೌನಗೌರಿ ನಮ್ಮದು.”

ಅದು ಸುಳ್ಳಲ್ಲ. ಹೈಸ್ಕೂಲಿನಿಂದಲೂ ನಾನು ದಿನಚರಿ ಬರೆಯುತ್ತೇನೆ. ಅದನ್ನು ಯಾರಿಗೂ ತೋರಿಸಿಲ್ಲ. ಎಲ್ಲಿಗೆ ಹೋದರೂ ಅದು ನನ್ನ ಚೀಲದಲ್ಲಿ ಇರುತ್ತದೆ, ಮನೆಯಲ್ಲಿ ಬಿಟ್ಟು ಹೋದರೆ ಯಾರಾದರೂ ತೆಗೆದು ನೋಡಿಯಾರೆಂಬ ಭಯ. ಹೀಗಾಗಿ ಆ ದಿನದಿಂದ ನನ್ನ ಹತ್ತಿರ ಎರಡು ಪುಸ್ತಕ. ನೀಲಿಯದರಲ್ಲಿ ಅಪ್ಪ, ನನ್ನದರಲ್ಲಿ ಉಳಿದದ್ದೆಲ್ಲ.

ನಮ್ಮ ಬೆಳಗು ಒಂದು ಕ್ರಮಕ್ಕೆ ಬಂತು. ಏಳೂವರೆಗೆ ಅಮ್ಮ ಬೀರುವಿನ ಮೇಲಿಂದ ಬಿಸ್ಕತ್ತಿನ ಹಳೆಯ ಡಬ್ಬ ಇಳಿಸುತ್ತಾಳೆ. ಅದರಲ್ಲಿ ಎರಡು ಥರದ ಮಾತ್ರೆ. ಬಿಳಿಯದು ದಿನವೂ ಬೆಳಿಗ್ಗೆ, ಅದನ್ನು ತೆಗೆದುಕೊಂಡ ಮೇಲೆ ಒಂದು ಗುಟುಕು ಕುಡಿದರೂ ಹೊಟ್ಟೆಯಲ್ಲಿರುವುದೆಲ್ಲ ಹೊರಗೆ ಬರುತ್ತದಂತೆ. ಇನ್ನೊಂದು ಹಳದಿ ಮಾತ್ರೆ, ತೀರಾ ನಿದ್ದೆ ಬಾರದಿದ್ದರೆ ಮಾತ್ರ, ಅದೂ ಅರ್ಧ. ಅಪ್ಪ ಹಳದಿಯದನ್ನು ಒಂದು ದಿನವೂ ಕೇಳಲಿಲ್ಲ. ಬಿಳಿಯದನ್ನು ಅಮ್ಮ ನೀರಿನಲ್ಲಿ ಕದಡಿ ಕೊಡುತ್ತಾಳೆ, ಅಪ್ಪ ಎಲ್ಲರೆದುರು ಕುಡಿದು ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಾನೆ. ಮಹಡಿಯ ಮೇಲಿರುವ ಅತ್ತೆ ಅಷ್ಟು ಹೊತ್ತಿಗೆ ತಪ್ಪದೆ ಇಳಿದು ಬರುತ್ತಾಳೆ.

“ಎಲ್ಲಿ, ಊದು.”

“ಅಕ್ಕಾ, ಡಿಪೋದಲ್ಲಿ ಮಷೀನಿಗೆ ಊದಿದ್ದು ಸಾಕಾಯ್ತು. ನಿನಗೂ ಊದಬೇಕಾ?”

“ಆ ಮಷೀನು ಕೆಡಬಹುದು, ನನ್ನ ಮೂಗು ಕೆಡಲ್ಲ. ಊದೋ ಸುಮ್ನೆ.”

ಅಪ್ಪ ಊದುತ್ತಾನೆ. ಅತ್ತೆ ಕಣ್ಣು ಮುಚ್ಚಿ ಮೂಸುತ್ತಾಳೆ. “ಈರುಳ್ಳಿ” ಎಂದು ತೀರ್ಪು ಕೊಟ್ಟು ಮಹಡಿ ಹತ್ತುತ್ತಾಳೆ. ನಾನು ಬರೆಯುತ್ತೇನೆ: ಮಾತ್ರೆ ಏಳು ಮೂವತ್ತೈದು. ಮಾತು ಸ್ಪಷ್ಟ. ನಡಿಗೆ ನೇರ. ಸಿಟ್ಟು ಇಲ್ಲ.

ಇಷ್ಟು ದಿನ ನಾವು ಅಪ್ಪನ ಮುಖ ಸರಿಯಾಗಿ ನೋಡಿಯೇ ಇರಲಿಲ್ಲ, ಕಣ್ಣು ತಪ್ಪಿಸುವುದೇ ರೂಢಿಯಾಗಿತ್ತು. ಈಗ ಅವನ ಒಂದೊಂದು ಹೆಜ್ಜೆಗೂ ಆರು ಕಣ್ಣು. ಅವನು ಚಮಚ ಬೀಳಿಸಿದರೆ ಇಡೀ ಮನೆ ತಿರುಗುತ್ತಿತ್ತು. ಹತ್ತು ಗಂಟೆಗೆ ಒಂದು ಸುತ್ತು ನಡೆದು ಬರಲು ಹೋದರೆ ನಾನೂ ಹಿಂದೆ ಹೋಗಬೇಕು. ಅವನು ಬಸ್ಸುಗಳನ್ನು ನೋಡುತ್ತ ನಿಲ್ಲುತ್ತಿದ್ದ. “ನೋಡು, ಆ ನನ್ಮಗ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಿದ್ದಾನೆ” ಎಂದು ಬೇರೆ ಚಾಲಕರನ್ನು ಬೈಯುತ್ತಿದ್ದ. ಅದನ್ನು ಸಿಟ್ಟು ಎಂಬ ಕಲಂನಲ್ಲಿ ಬರೆಯಬೇಕೋ ಬೇಡವೋ ತಿಳಿಯದೆ ಬಿಟ್ಟುಬಿಡುತ್ತಿದ್ದೆ.

ಅಮ್ಮ ಮನೆಯಲ್ಲೇ ಕೂತು ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಕತ್ತರಿಸಿದ ಬಟ್ಟೆ ಅಂಗಡಿಯಿಂದ ಕಟ್ಟುಕಟ್ಟಾಗಿ ಬರುತ್ತದೆ: ಬೆನ್ನು, ಎದೆ, ಕಾಲರು, ಎಡತೋಳು, ಬಲತೋಳು. ಅವಳು ಜೋಡಿಸಿ ಕಳಿಸಬೇಕು. ಇಪ್ಪತ್ತು ವರ್ಷದ ಕೈ. ಟಿವಿ ನೋಡುತ್ತಲೇ ಹೊಲಿಯುವವಳು.

ಐವತ್ತನೇ ದಿನದ ಆಸುಪಾಸು ನನ್ನ ದಿನಚರಿಯಲ್ಲಿ ಹೀಗಿದೆ: ‘ಅಮ್ಮ ಇವತ್ತು ಒಂದು ಅಂಗಿಗೆ ಎರಡೂ ಎಡತೋಳು ಹೊಲಿದಿದ್ದಾಳೆ. ಹಾಕಿಕೊಂಡು ನೋಡಿದೆ. ಬಲಗೈ ಹಿಂದಕ್ಕೆ ತಿರುಚಿಕೊಂಡಿತು, ಯಾರೋ ಹಿಡಿದೆಳೆದ ಹಾಗೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅಮ್ಮ ಇಷ್ಟು ನಕ್ಕು ಎಷ್ಟು ಕಾಲವಾಯಿತು.’

ಆಮೇಲೆ ಒಂದು ದಿನ: ‘ಹಾಲು ಉಕ್ಕಿ, ಒಲೆ ಆರಿ, ಗ್ಯಾಸು ವಾಸನೆ. ಅಮ್ಮ ಅಲ್ಲೇ ನಿಂತಿದ್ದಳು.’ ಇನ್ನೊಂದು ದಿನ: ‘ಅಮ್ಮ ನನ್ನ ಇಂಟರ್‌ವ್ಯೂ ಯಾವತ್ತು ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಮೊದಲ ಸಲದ ಹಾಗೆಯೇ.’ ಇವೆಲ್ಲ ನನ್ನ ಪುಸ್ತಕದಲ್ಲಿ. ನೀಲಿ ಪುಸ್ತಕದಲ್ಲಿ ಇವಕ್ಕೆ ಕಲಂ ಇರಲಿಲ್ಲ.

ಹದಿನೈದು ದಿನಕ್ಕೊಮ್ಮೆ ಪುಟದ ಕೆಳಗೆ ‘ಉಳಿದ ಮಾತ್ರೆ’ ಎಂಬ ಸಾಲು ಬರುತ್ತದೆ. ಅಮ್ಮ ಬಾಯಲ್ಲಿ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಎಪ್ಪತ್ತೈದನೇ ದಿನ ಅಮ್ಮ ಗುಂಡಿ ತರಲು ಅಂಗಡಿಗೆ ಹೋಗಿದ್ದಳು. ಮರುದಿನ ಆಸ್ಪತ್ರೆಗೆ ಹೋಗುವುದಿತ್ತು. ನಾನೇ ಸ್ಟೂಲು ಹಾಕಿ ಡಬ್ಬ ಇಳಿಸಿದೆ.

ಬಿಳಿ ಮಾತ್ರೆ ಲೆಕ್ಕಕ್ಕೆ ಸರಿಯಿತ್ತು. ಹಳದಿಯದರ ಎರಡು ಪಟ್ಟಿಗಳೂ ಖಾಲಿ. ಒಂದೊಂದು ಗುಳ್ಳೆಯನ್ನೂ ಒತ್ತಿ ತೆಗೆದು, ಮೇಲಿನ ಬೆಳ್ಳಿ ಕಾಗದವನ್ನು ಉಗುರಿನಿಂದ ಸವರಿ, ದೂರದಿಂದ ನೋಡಿದರೆ ತುಂಬಿದಂತೆ ಕಾಣುವ ಹಾಗೆ ಇಟ್ಟಿತ್ತು. ಅವುಗಳ ಕೆಳಗೆ ನಾನು ಹಿಂದೆ ನೋಡಿರದ ಮೂರನೇ ಪಟ್ಟಿ, ಅರ್ಧ ಮುಗಿದದ್ದು.

ಅಪ್ಪ ಅಂಗಳದಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಹೋಗಿ ಕೇಳಬೇಕು. ಕೇಳುವುದು ಹೇಗೆ? ನಾನು ಅಪ್ಪನನ್ನು ಹುಟ್ಟಿದಾಗಿನಿಂದ ಏನನ್ನೂ ನೇರವಾಗಿ ಕೇಳಿದವಳಲ್ಲ. ನೀಲಿ ಪುಸ್ತಕ ತೆಗೆದು ಷರಾ ಕಲಂನಲ್ಲಿ ಬರೆದೆ: ಹಳದಿ ಮಾತ್ರೆ ಕಡಿಮೆ. ಪೆನ್ನಿನಲ್ಲಿ ಬರೆಯಲು ಧೈರ್ಯ ಬರಲಿಲ್ಲ. ಪೆನ್ಸಿಲಿನಲ್ಲಿ ಬರೆದೆ.

ಹೇಡಿಗೂ ಒಂದು ಉಪಾಯ ಇರುತ್ತದೆ, ಆದರೆ ಅತ್ತೆ ಇರುವ ಮನೆಯಲ್ಲಿ ಅದು ನಡೆಯುವುದಿಲ್ಲ. ಮಧ್ಯಾಹ್ನ ಅವಳು ಬಂದು, ಮೇಜಿನ ಮೇಲಿದ್ದ ಪುಸ್ತಕ ತೆಗೆದು, ಕನ್ನಡಕ ಏರಿಸಿ ಓದಿದಳು. ಆಮೇಲೆ ಇಡೀ ಬೀದಿಗೆ ಕೇಳುವಂತೆ ಕೂಗಿದಳು.

“ಏನೋ ಇದು! ಬಾಟಲಿ ಬಿಟ್ಟು ಮಾತ್ರೆ ಹಿಡಿದ್ಯಾ? ನಾಯಿ ಬಾಲ ಡೊಂಕು ಅಂತಾರಲ್ಲ, ಸುಳ್ಳಲ್ಲ!”

ಅಪ್ಪ ಎಣ್ಣೆಯ ಕೈಯಲ್ಲೇ ಒಳಗೆ ಬಂದ. “ಯಾವ ಮಾತ್ರೆ?”

“ಯಾವ ಮಾತ್ರೆ ಅಂತ ನನ್ನ ಕೇಳ್ತೀಯಾ? ನಿದ್ದೆ ಮಾತ್ರೆ ಕಣೋ! ಕಡಿಮೆ ಆಗಿದೆಯಂತೆ. ಹುಡುಗಿ ಬರೆದಿಟ್ಟಿದ್ದಾಳೆ ನೋಡು, ಪಾಪ, ಬಾಯಿಬಿಟ್ಟು ಹೇಳೋಕೂ ಆಗದೆ.”

ಅಂಗಡಿಯಿಂದ ಬಂದು ಹೊಲಿಯಲು ಕೂತಿದ್ದ ಅಮ್ಮನ ಯಂತ್ರದ ಸದ್ದು ನಿಂತಿತು. ಅಪ್ಪ ಪುಸ್ತಕ ನೋಡಿದ. ನನ್ನನ್ನು ನೋಡಿದ. ಅಮ್ಮನ ಕಡೆ ತಿರುಗಿ ತುಂಬ ಹೊತ್ತು ನೋಡಿದ. ಅಮ್ಮ ಬಟ್ಟೆಯ ಮೇಲಿಂದ ತಲೆ ಎತ್ತಲಿಲ್ಲ.

“ಹೌದು” ಅಂದ ಅಪ್ಪ. “ನಾನೇ ತಗೊಂಡೆ.”

ಅತ್ತೆ ಹಣೆ ಚಚ್ಚಿಕೊಂಡಳು. “ಇನ್ನು ಹದಿನೈದು ದಿನ ಇತ್ತಲ್ಲೋ! ದಡಕ್ಕೆ ಬಂದು ದೋಣಿ ಮುಳುಗಿಸಿದ ಹಾಗಾಯ್ತು.” ಅಳುತ್ತ ಮಹಡಿ ಹತ್ತಿದಳು. ಅಪ್ಪ ಅಂಗಳಕ್ಕೆ ಹೋಗಿ ಮತ್ತೆ ಚೈನು ತಿರುಗಿಸತೊಡಗಿದ. ಎಣ್ಣೆ ಆಗಲೇ ಬಿಟ್ಟಾಗಿತ್ತು, ಸುಮ್ಮನೆ ತಿರುಗಿಸುತ್ತಿದ್ದ.

ನನಗೆ ತಲೆಬುಡ ತಿಳಿಯಲಿಲ್ಲ. ಕುಡಿಯುತ್ತಿದ್ದ ಕಾಲದಲ್ಲಿ ಅಪ್ಪ ಕಂಡದ್ದನ್ನೂ ಒಪ್ಪಿಕೊಂಡವನಲ್ಲ. ಬಾಟಲಿ ಕೈಯಲ್ಲಿದ್ದಾಗಲೂ ‘ಇದು ಯಾರದ್ದೋ’ ಎನ್ನುತ್ತಿದ್ದ. ಈಗ ಯಾರೂ ನೋಡದ ತಪ್ಪನ್ನು ಒಂದೇ ಮಾತಿಗೆ ಒಪ್ಪಿಕೊಂಡ. ಒಳ್ಳೆಯವನಾಗಿದ್ದಾನೆ ಎನ್ನಬೇಕೋ, ಹಾಳಾದ ಎನ್ನಬೇಕೋ? ಅಷ್ಟು ಮಾತ್ರೆ ತೆಗೆದುಕೊಂಡವನ ಮಾತು ತೊದಲಬೇಡವೇ? ಎಪ್ಪತ್ತೈದು ದಿನ ‘ನಡಿಗೆ ನೇರ’ ಎಂದು ನಾನೇ ಬರೆದಿದ್ದೇನೆ. ನಾನು ನೋಡಿದ್ದು ಸುಳ್ಳೋ, ಅವನು ಹೇಳಿದ್ದು ಸುಳ್ಳೋ?

ಅಡುಗೆಮನೆಯಲ್ಲಿ ಅಮ್ಮ ನನ್ನ ಹತ್ತಿರ ಬಂದು ನಿಂತಳು. “ಅದನ್ನ ಅಳಿಸಿಬಿಡು” ಅಂದಳು. “ಪೆನ್ಸಿಲಲ್ಲೇ ಬರ್ದಿದ್ದೀಯಲ್ಲ. ಅವರ ಕೆಲಸ ಹೋಗುತ್ತೆ.”

“ಅಪ್ಪನೇ ಒಪ್ಕೊಂಡನಲ್ಲಮ್ಮ.”

“ಒಪ್ಕೊಂಡ್ರೆ? ಒಪ್ಕೊಂಡಿದ್ದೆಲ್ಲ ಬರೀಬೇಕು ಅಂತ ಇದೆಯಾ?” ಅವಳ ದನಿ ಎಲ್ಲೋ ಜಾರಿದಂತಿತ್ತು. ಲೋಟ ತೊಳೆದಿಟ್ಟಳು. ಅದೇ ಲೋಟವನ್ನು ಮತ್ತೆ ತೆಗೆದು ತೊಳೆದಳು.

ಅಳಿಸಲೂ ಇಲ್ಲ, ಪೆನ್ನಿನಿಂದ ತಿದ್ದಲೂ ಇಲ್ಲ. ಹಾಗೇ ಪುಸ್ತಕ ಮುಚ್ಚಿದೆ.

ಮರುದಿನ ಹನ್ನೊಂದಕ್ಕೆ ನಾವು ಮೂವರೂ ಮೇಡಂ ಎದುರು ಕೂತಿದ್ದೆವು. ಸಣ್ಣ ಕೋಣೆ. ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲಿಗೆ ರಟ್ಟು ಮಡಚಿ ಕೊಟ್ಟಿದ್ದರು. ಅಪ್ಪ ಅದರ ಮೇಲೆ ಕೂತಿದ್ದ, ಅಲುಗಾಡದ ಹಾಗೆ ನೆಟ್ಟಗೆ. ಮೇಡಂ ಪುಟ ತಿರುವುತ್ತ ಬಂದು ಪೆನ್ಸಿಲಿನ ಸಾಲಿನ ಹತ್ತಿರ ನಿಂತರು.

“ಹಳದಿ ಮಾತ್ರೆ ಕಡಿಮೆ. ಯಾರು ತಗೊಂಡಿದ್ದು?”

“ನಾನೇ ಮೇಡಂ” ಅಂದ ಅಪ್ಪ.

“ಎಷ್ಟು?”

“ಒಂದು... ಒಂದೆರಡು.”

“ಯಾವಾಗ್ಯಾವಾಗ?”

“ನಿದ್ದೆ ಬರದಾಗ.”

“ಹೇಗಿರುತ್ತೆ ಆ ಮಾತ್ರೆ? ಎಷ್ಟು ದೊಡ್ಡದು? ನಾಲಿಗೆ ಮೇಲಿಟ್ರೆ ಹೇಗಿರುತ್ತೆ?”

ಅಪ್ಪ ಯೋಚಿಸಿದ. “ದೊಡ್ಡದೇ. ನೀರಲ್ಲಿ ಕದಡಿದ್ರೆ ಸೀಮೆಸುಣ್ಣದ ಥರ.”

ಅವನು ಹೇಳುತ್ತಿದ್ದದ್ದು ಬಿಳಿ ಮಾತ್ರೆಯ ವಿಷಯ. ಹಳದಿಯದು ಮೆಂತ್ಯದ ಕಾಳಿಗಿಂತ ಸ್ವಲ್ಪ ದೊಡ್ಡದಷ್ಟೆ. ಅಪ್ಪ ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

ಮೇಡಂ ಪೆನ್ನು ಕೆಳಗಿಟ್ಟರು. ನನ್ನ ಎಡಕ್ಕೆ ಅಮ್ಮ. ಅವಳು ಸೆರಗಿನ ತುದಿಯನ್ನು ಮಡಚುತ್ತ ಬಿಚ್ಚುತ್ತ ಇದ್ದಳು. ಮೂರನೇ ಸಲ ಮಡಚುವಾಗ ಅವಳ ತಲೆ ಒಂದು ಕ್ಷಣ ಮುಂದಕ್ಕೆ ವಾಲಿ, ಬೆಚ್ಚಿ, ಮತ್ತೆ ನೆಟ್ಟಗಾಯಿತು. ಬೆಳಗಿನ ಹನ್ನೊಂದು ಗಂಟೆ.

ಆಗ ನನಗೆ ಎರಡು ಎಡತೋಳಿನ ಅಂಗಿ ನೆನಪಾಯಿತು. ಅದನ್ನು ಹಾಕಿಕೊಂಡಾಗ ಬಲಗೈ ಹಿಂದಕ್ಕೆ ತಿರುಚಿದ್ದು. ನಾವು ನಕ್ಕದ್ದು. ಅಮ್ಮ ನಕ್ಕು ನಕ್ಕು, ನಗು ನಿಂತ ಮೇಲೂ ಹಾಗೇ ಬಾಯಿ ತೆರೆದುಕೊಂಡು ಕೂತಿದ್ದದ್ದು. ಅದನ್ನು ನಾನು ಬರೆದಿರಲಿಲ್ಲ, ಈಗ ನೆನಪಾಯಿತು.

“ನೀನು ಏನಾದ್ರೂ ಹೇಳ್ತೀಯಾಮ್ಮ?” ಎಂದರು ಮೇಡಂ ನನಗೆ.

ಬಾಯಿ ತೆರೆದೆ. ಹೇಳಿದರೆ ಅಮ್ಮ, ಹೇಳದಿದ್ದರೆ ಅಪ್ಪ. ಅಪ್ಪನ ಎಪ್ಪತ್ತೈದು ದಿನ ನನ್ನ ಕೈಬರಹದಲ್ಲೇ ಇತ್ತು. ನನ್ನ ಕೈ ಚೀಲದೊಳಗೆ ಹೋದದ್ದು ನನಗೆ ಗೊತ್ತು. ದಿನಚರಿ ಹೊರಗೆ ಬಂದದ್ದು, ನಾನು ಐವತ್ತನೇ ದಿನದ ಪುಟ ತೆರೆದು ಮೇಜಿನ ಮೇಲೆ ಇಟ್ಟದ್ದು, ಅದೂ ಗೊತ್ತು. ಆದರೆ ನಿರ್ಧಾರ ಮಾಡಿದ್ದು ಯಾವಾಗ ಎಂದು ಈಗಲೂ ಹೇಳಲಾರೆ.

ಮೇಡಂ ಮನಸ್ಸಿನಲ್ಲೇ ಓದಿದರು. ಅಂಗಿ. ಹಾಲು. ಇಂಟರ್‌ವ್ಯೂ. ನಲ್ಲಿ ಬಿಟ್ಟುಕೊಂಡೇ ಪಾತ್ರೆಯೆದುರು ತೂಕಡಿಸಿದ್ದು. ಬಾಗಿಲ ಚೌಕಟ್ಟಿಗೆ ಹಾಯ್ದು ಹಣೆ ಊದಿದ್ದು. ಪುಟ ತಿರುಗಿದಂತೆಲ್ಲ ನನಗೆ ಬಟ್ಟೆ ಬಿಚ್ಚಿದಂತೆ ಆಗುತ್ತಿತ್ತು. ಆ ಪುಟಗಳಲ್ಲಿ ನನ್ನ ಬೇರೆ ಸಂಗತಿಗಳೂ ಇದ್ದವು.

“ಅಮ್ಮಾ” ಎಂದು ಮೇಡಂ ಮೆಲ್ಲಗೆ ಅಮ್ಮನ ಕಡೆ ತಿರುಗಿದರು. “ಎಷ್ಟು ದಿನದಿಂದ?”

ಅಮ್ಮ ನನ್ನನ್ನು ನೋಡಿದಳು. ಆ ನೋಟಕ್ಕೆ ಯಾವ ಕಲಂ ಎಂದು ನನಗೆ ತಿಳಿಯಲಿಲ್ಲ.

“ಇವರು ಮನೆಗೆ ಬಂದ ಎರಡನೇ ವಾರದಿಂದ” ಅಂದಳು. “ಇವರು ಕುಡೀತಿದ್ದಾಗ ಎಚ್ಚರ ಇರೋದೇ ನನ್ನ ಕೆಲಸ ಆಗಿತ್ತು. ಎಲ್ಲಿ ಬಿದ್ರೋ, ಯಾರು ಕರ್ಕೊಂಡು ಬರ್ತಾರೋ ಅಂತ. ಹದಿನೆಂಟು ವರ್ಷ. ಈಗ ಇವರು ಪಕ್ಕದಲ್ಲೇ ಮಲಗಿ ಗೊರಕೆ ಹೊಡೀತಾರೆ. ನನಗೆ ಮಾತ್ರ ಎಚ್ಚರ ಹೋಗಲ್ಲ. ಅರ್ಧ ತಗೊಂಡೆ. ಎಷ್ಟು ಹಾಯಾಗಿತ್ತು ಅಂದ್ರೆ... ಆಮೇಲೆ ಒಂದು. ಆಮೇಲೆ ಬೆಳಿಗ್ಗೇನೂ ಕೈ ನಡುಗೋಕೆ ಶುರುವಾಯ್ತು, ತಗೊಂಡ್ರೆ ನಿಲ್ಲುತ್ತೆ. ಇವರ ಹಳೇ ಚೀಟೀನೇ ತೋರಿಸಿ ಮತ್ತೆ ಮತ್ತೆ ಪಟ್ಟಿ ತಂದೆ. ಯಾರೂ ಏನೂ ಕೇಳಲಿಲ್ಲ. ಕುಡುಕನ ಹೆಂಡತಿ ಅಂತ ಪಾಪ ಅಂದ್ರು.”

“ನಿಮಗೆ ಗೊತ್ತಿತ್ತಾ?” ಎಂದು ಮೇಡಂ ಅಪ್ಪನನ್ನು ಕೇಳಿದರು.

“ನಿನ್ನೆ ಗೊತ್ತಾಯ್ತು. ಅವಳು ತಲೆ ಎತ್ತದೆ ಕೂತಿದ್ದು ನೋಡಿ. ನಾನೂ ಹಾಗೇ ಕೂರ್ತಿದ್ದೆ.” ಅಪ್ಪ ಕುರ್ಚಿಯಲ್ಲಿ ಸರಿದ, ಅದು ಕಿರುಗುಟ್ಟಿತು. “ಸುಳ್ಳು ಹೇಳಿದ್ದು ತಪ್ಪೇ ಮೇಡಂ. ಕುಡಿದು ಹೇಳಿದ ಸುಳ್ಳಿಗೆ ಲೆಕ್ಕ ಇಲ್ಲ. ಕುಡೀದೆ ಹೇಳಿದ್ದು ಇದೊಂದೇ, ಅದೂ ಸಿಕ್ಕಿಬಿದ್ದೆ.”

ಮೇಡಂ ನಕ್ಕರೋ ಇಲ್ಲವೋ, ಅವರು ತಲೆ ಬಗ್ಗಿಸಿ ಬರೆಯುತ್ತಿದ್ದರು. ಅಮ್ಮ ಡಾಕ್ಟರನ್ನು ಇವತ್ತೇ ನೋಡಬೇಕು ಎಂದರು. ಮಾತ್ರೆಯನ್ನು ಒಮ್ಮೆಲೇ ಬಿಡಬಾರದು, ಅದು ಅಪಾಯ, ಡಾಕ್ಟರು ಹೇಳಿದಷ್ಟಷ್ಟೇ ಇಳಿಸಿಕೊಂಡು ಬರಬೇಕು, ತಿಂಗಳುಗಳೇ ಹಿಡಿಯಬಹುದು ಎಂದರು. ಅಪ್ಪನ ದಿನಗಳಿಗೆ ಏನೂ ಆಗಿಲ್ಲ, ತೊಂಬತ್ತಕ್ಕೆ ಪತ್ರ ಸಿಗುತ್ತದೆ ಎಂದರು. ಅಪ್ಪ ಕಣ್ಣು ಮುಚ್ಚಿಕೊಂಡ. ಅಮ್ಮ ಬಿಕ್ಕಿದಳು, ಸಂತೋಷಕ್ಕೋ ಬೇರೆ ಯಾವುದಕ್ಕೋ ನನಗೆ ಗೊತ್ತಾಗಲಿಲ್ಲ. ಬಹುಶಃ ಅವಳಿಗೂ ಗೊತ್ತಿರಲಿಲ್ಲ.

ಕೊನೆಗೆ ಮೇಡಂ ಕಪಾಟಿನಿಂದ ಇನ್ನೊಂದು ನೀಲಿ ಪುಸ್ತಕ ತೆಗೆದು ನನ್ನ ಕಡೆ ಚಾಚಿದರು. ನನ್ನ ಕೈ ಮೇಲೇಳಲಿಲ್ಲ. ಅದನ್ನು ಅಪ್ಪ ತೆಗೆದುಕೊಂಡ.

“ಇದನ್ನ ನಾನು ಬರೀತೀನಿ” ಅಂದ. “ಅವಳು ಮಗು. ಎರಡೂ ಕಡೆ ಕಾವಲಿಗೆ ಅವಳನ್ನೇ ಕೂರಿಸಬೇಡಿ.”

ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ದಿನಚರಿ ಅಮ್ಮನ ಮಡಿಲಲ್ಲಿತ್ತು. ಮೇಡಂ ಅದನ್ನು ಹಿಂತಿರುಗಿಸುವಾಗ ಅಮ್ಮನೇ ಕೈ ಚಾಚಿದ್ದಳು, ನನಗೆ ಕೇಳಲು ಬಾಯಿ ಬರಲಿಲ್ಲ. ದಾರಿಯುದ್ದಕ್ಕೂ ಅದರ ಮೇಲೆ ಎರಡೂ ಅಂಗೈ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಮನೆಯ ಬಾಗಿಲಲ್ಲಿ ಕೊಟ್ಟಳು.

“ಓದಿಲ್ಲ” ಅಂದಳು.

ನಂಬಬೇಕೋ ಬೇಡವೋ. ಎಪ್ಪತ್ತೈದು ದಿನ ಒಬ್ಬರ ಮುಖವನ್ನೇ ನೋಡಿ ಬರೆದ ನನಗೆ ಯಾರ ಮುಖವನ್ನೂ ಓದಲು ಬರುವುದಿಲ್ಲ ಎಂದು ಸಾಬೀತಾಗಿತ್ತು.

ಈಗ ಬೆಳಿಗ್ಗೆ ಏಳೂವರೆಗೆ ಡಬ್ಬ ಅತ್ತೆಯ ಮನೆಯಿಂದ ಇಳಿದು ಬರುತ್ತದೆ. ಸಂಗತಿ ತಿಳಿದ ದಿನ ಅತ್ತೆ ಒಂದಿಡೀ ಮಧ್ಯಾಹ್ನ ಮಾತಾಡಲಿಲ್ಲ, ಅದು ಅವಳ ಮಟ್ಟಿಗೆ ದಾಖಲೆ. ಆಮೇಲೆ, “ನನ್ನ ಮೂಗಿಗೆ ಮಾತ್ರೆ ವಾಸನೆ ಬರಲ್ವಲ್ಲೇ” ಎಂದು ಅಮ್ಮನ ಕೈ ಹಿಡಿದು ಕೂತಳು. ಅಪ್ಪ ಬಿಳಿ ಮಾತ್ರೆ ಕುಡಿದು ನಾಲಿಗೆ ಎತ್ತುತ್ತಾನೆ, ಅಮ್ಮ ಅಂದಿನ ಪಾಲಿನ ಹಳದಿ ಚೂರು ನುಂಗಿ ನಾಲಿಗೆ ಎತ್ತುತ್ತಾಳೆ. ಒಬ್ಬರೆದುರು ಒಬ್ಬರು ಬಾಯಿ ತೆರೆದುಕೊಂಡು ನಿಲ್ಲುವುದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯದೆ ನಾನು ಚಹಾ ಸೋಸುತ್ತೇನೆ. ಅಪ್ಪ ಸ್ಟೇರಿಂಗ್ ಹಿಡಿದಂತೆ ಪೆನ್ನು ಹಿಡಿದು ಬರೆಯುತ್ತಾನೆ. ನಿನ್ನೆ ಕದ್ದು ನೋಡಿದೆ. ಮಾತು ಎಂಬ ಕಲಂನಲ್ಲಿ, ‘ಬೈದಳು. ಚೆನ್ನಾಗಿ ಬೈದಳು’ ಎಂದಿತ್ತು.

ನನ್ನ ದಿನಚರಿ ಮಾತ್ರ ಆ ದಿನದಿಂದ ಹಾಗೇ ಇದೆ. ತೆರೆಯುತ್ತೇನೆ, ದಿನಾಂಕ ಹಾಕುತ್ತೇನೆ, ಮುಚ್ಚುತ್ತೇನೆ.

ಇವತ್ತು ಮಧ್ಯಾಹ್ನ ಅಮ್ಮ ಆ ಅಂಗಿಯನ್ನು ಹೊರಗೆ ತೆಗೆದಳು. ಅಂಗಡಿಗೆ ಕೊಡಲಾಗದೆ ಕಟ್ಟಿನ ಅಡಿಯಲ್ಲಿ ಉಳಿದಿತ್ತು. ಬ್ಲೇಡಿನ ತುದಿಯಿಂದ ತಪ್ಪು ತೋಳಿನ ಹೊಲಿಗೆ ಬಿಚ್ಚಿ, ಬಲತೋಳನ್ನು ಹುಡುಕಿ ಪಿನ್ನು ಚುಚ್ಚಿದಳು. ಯಂತ್ರದ ಸೂಜಿಗೆ ದಾರ ಪೋಣಿಸಲು ಮೂರು ಸಲ ನೋಡಿದಳು. ಕೈ ನಡುಗುತ್ತಿತ್ತು. ದಾರದ ತುದಿಯನ್ನು ನನ್ನ ಕಡೆ ಚಾಚಿದಳು. ನಾನು ದಾರ ಪೋಣಿಸಿ ಕೊಟ್ಟೆ. ಯಂತ್ರ ನಿಧಾನಕ್ಕೆ ಓಡಿ ನಿಂತಿತು.

“ಇದನ್ನೂ ಬರೀತೀಯಾ?” ಎಂದಳು, ಬಟ್ಟೆಯ ಮೇಲಿಂದ ತಲೆ ಎತ್ತದೆ.

“ಗೊತ್ತಿಲ್ಲಮ್ಮ.”

“ಬರಿ.” ದಾರವನ್ನು ಹಲ್ಲಿನಿಂದ ಕಡಿದಳು. “ಬರೆಯೋದಾದ್ರೆ, ಹೊಲಿಗೆ ನೇರವಾಗಿತ್ತು ಅಂತ ಬರಿ.”

ಅಂಗಿ ಹಾಕಿಕೊಂಡು ನೋಡಿದೆ. ಎರಡು ಕೈಯೂ ಮುಂದಕ್ಕೇ ಬಂದವು. ಹೊಲಿಗೆ ಹೆಗಲ ಹತ್ತಿರ ಅರ್ಧ ಬೆರಳಿನಷ್ಟು ಆಚೆ ಹೋಗಿ, ಮತ್ತೆ ದಾರಿಗೆ ಬಂದಿತ್ತು. ದಿನಚರಿ ನನ್ನ ಮುಂದೆ ಇದೆ. ದಿನಾಂಕ ಹಾಕಿದ್ದೇನೆ. ನೇರವಾಗಿತ್ತು ಎಂದು ಬರೆಯಬೇಕೋ, ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕೋ ಇನ್ನೂ ಗೊತ್ತಾಗಿಲ್ಲ. ಕೈಯಲ್ಲಿರುವುದು ಪೆನ್ನೋ ಪೆನ್ಸಿಲೋ ಎಂದು ನೋಡಿಕೊಂಡೆ. ಪೆನ್ನೇ.